ಚಿತ್ರತುರಗದ ಸವಾರಿ

(ಬಾನುಲಿ ಭಾಷಣ)

ಕನ್ನಡ ಎಂ.ಎ. ಮಾಡಿ, ಮೂವತ್ತಕ್ಕೂ ಹೆಚ್ಚು ವರ್ಷ ಹಳಗನ್ನಡ ಕಾವ್ಯವನ್ನೂ ಕಾವ್ಯಮೀಮಾಂಸೆಯನ್ನೂ ಪಾಠ ಹೇಳಿ ನಿವೃತ್ತನಾದವನೊಬ್ಬ ಮೋಟಾರು ಪಂದ್ಯದ ವಿಡಿಯೊ ಆಟವನ್ನು ಕುರಿತು ಮಾತನಾಡಲು ಕುಳಿತಿದ್ದಾನೆಂದರೆ ಕೇಳುವವರಿಗೆ ನಗು ಬಂದೀತು. ಪಂಪನ ಮೇಲೆಯೋ ಕುಮಾರವ್ಯಾಸನ ಮೇಲೆಯೋ ಮಾತನಾಡಿ ಎಂದಿದ್ದರೆ ಅದು ನನ್ನ ವಯಸ್ಸಿಗೂ ವೃತ್ತಿಗೂ ಒಪ್ಪುತ್ತಿತ್ತು. ಆದರೆ ಈ ವಿಷಯವನ್ನು ಯಾರೂ ನನ್ನ ತಲೆಗೆ ಕಟ್ಟಲಿಲ್ಲ. ನಾನೇ ಕೇಳಿ ಪಡೆದುಕೊಂಡದ್ದು. ಅದಕ್ಕೆ ಕಾರಣವೇನೆಂಬುದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಮಗಳ ಮಗ ಕಾಲೇಜು ಓದಿಗೆಂದು ನಮ್ಮ ಮನೆಯಲ್ಲಿಯೇ ಇದ್ದಾನೆ. ಒಂದು ಭಾನುವಾರ ಮಧ್ಯಾಹ್ನ, ಊಟವಾಗಿ ಕಣ್ಣಿಗೆ ಜೊಂಪು ಹತ್ತುವ ಹೊತ್ತಿನಲ್ಲಿ, ನಡುಮನೆಯಿಂದ ಎಂಜಿನ್ನಿನ ಆರ್ಭಟ ಕೇಳಿಸಿತು. ಎದ್ದು ಹೋಗಿ ನೋಡಿದೆ. ಮೇಜಿನ ಅಂಚಿಗೆ ಒಂದು ಸ್ಟಿಯರಿಂಗ್ ಚಕ್ರವನ್ನು ಬಿಗಿದುಕೊಂಡು, ಕಾಲಡಿಯಲ್ಲಿ ಪೆಡಲುಗಳನ್ನು ಇಟ್ಟುಕೊಂಡು, ಟೆಲಿವಿಷನ್ನಿನೊಳಗಿನ ರಸ್ತೆಯಲ್ಲಿ ಹುಡುಗ ಕಾರು ಓಡಿಸುತ್ತಿದ್ದ. "ಎಷ್ಟು ಹೊತ್ತಿನ ಆಟವಪ್ಪಾ ಇದು?" ಎಂದು ಗದರಿದೆ. ಅವನು ತಿರುಗಿ ನೋಡದೆ ಹೇಳಿದ: "ಐದು ನಿಮಿಷ ಇರಿ ತಾತ. ಇದು ಆಟ ಅಲ್ಲ, ಪರೀಕ್ಷೆ. ಲೈಸೆನ್ಸ್ ಪರೀಕ್ಷೆ. ಇಪ್ಪತ್ತು ಸಲ ಫೇಲಾಗಿದ್ದೇನೆ."

ಪರೀಕ್ಷೆಯೆಂಬ ಮಾತು ಕಿವಿಗೆ ಬಿದ್ದರೆ ಮೇಷ್ಟರ ಕಾಲು ನಿಂತಲ್ಲೇ ನಿಲ್ಲುತ್ತದೆ. ಪಕ್ಕದ ಕುರ್ಚಿಯಲ್ಲಿ ಕುಳಿತೆ. ಒಂದೇ ಒಂದು ತಿರುವನ್ನು ಇಂತಿಷ್ಟು ಸೆಕೆಂಡಿನೊಳಗೆ ದಾಟಬೇಕು, ಚಕ್ರ ರಸ್ತೆಯ ಗೆರೆಯಿಂದ ಆಚೆಗೆ ಹೋಗಕೂಡದು, ಅದೇ ಪರೀಕ್ಷೆ. ಇಪ್ಪತ್ತೊಂದನೆಯ ಸಲವೂ ಅವನು ತಪ್ಪಿದ. ಬೇಸರಪಡದೆ ಇಪ್ಪತ್ತೆರಡನೆಯ ಸಲಕ್ಕೆ ಕುಳಿತ. ಒಂದು ಪದ್ಯದ ಅನ್ವಯವನ್ನು ಇಪ್ಪತ್ತೆರಡು ಸಲ ಮಾಡಿ ನೋಡಿದ ವಿದ್ಯಾರ್ಥಿಯನ್ನು ನನ್ನ ಇಡೀ ಸೇವಾವಧಿಯಲ್ಲಿ ನಾನು ಕಂಡವನಲ್ಲ. ಈ ಸಹನೆಯನ್ನು ಹುಡುಗರಲ್ಲಿ ಹುಟ್ಟಿಸಬಲ್ಲ ವಸ್ತು ಯಾವುದೆಂದು ತಿಳಿಯಲೇಬೇಕೆನಿಸಿತು. ಅಂದಿನಿಂದ ಓದಿ, ಕೇಳಿ, ನೋಡಿ ತಿಳಿದುಕೊಂಡದ್ದನ್ನು ಈಗ ನಿಮ್ಮ ಮುಂದಿಡುತ್ತಿದ್ದೇನೆ.

ಆ ಆಟದ ಹೆಸರು ಗ್ರಾನ್ ಟುರಿಸ್ಮೊ. ಮಾತು ಇಟಲಿಯದು, ಅರ್ಥ ಮಹಾಪ್ರವಾಸ ಎಂದು. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಸಿರಿವಂತರ ಮಕ್ಕಳು ವಿದ್ಯಾಭ್ಯಾಸದ ಕೊನೆಯ ಘಟ್ಟವೆಂಬಂತೆ ಫ್ರಾನ್ಸ್, ಇಟಲಿಗಳನ್ನು ಸುತ್ತಿಬರುವ ಪದ್ಧತಿಯಿತ್ತು. ಅದಕ್ಕೆ ಮಹಾಪ್ರವಾಸವೆಂದೇ ಹೆಸರು. ಮೋಟಾರುಗಳ ಯುಗದಲ್ಲಿ, ದೂರದ ದಾರಿಯನ್ನು ವೇಗವಾಗಿಯೂ ಸುಖವಾಗಿಯೂ ಕ್ರಮಿಸಬಲ್ಲ ಕಾರುಗಳಿಗೆ ಈ ಹೆಸರು ಅಂಟಿಕೊಂಡಿತು. ಕಾರುಗಳ ಹಿಂಬದಿಯಲ್ಲಿ ನಾವು ಕಾಣುವ ಜಿ.ಟಿ. ಎಂಬ ಎರಡು ಅಕ್ಷರಗಳ ಮೂಲ ಇದೇ. ಪಂದ್ಯದ ಆಟಕ್ಕೆ ಪ್ರವಾಸದ ಹೆಸರನ್ನು ಇಟ್ಟವನಲ್ಲಿ ಸ್ವಲ್ಪ ಬೇರೆ ಬಗೆಯ ಆಲೋಚನೆ ಇದ್ದಿರಬೇಕು.

ಹಾಗೆ ಹೆಸರಿಟ್ಟವರು ಜಪಾನಿನ ಕಝುನೊರಿ ಯಮೌಚಿ. ಹುಟ್ಟಿದ್ದು 1967ರಲ್ಲಿ. ಸೋನಿ ಸಂಸ್ಥೆಯವರು 1994ರ ಡಿಸೆಂಬರಿನಲ್ಲಿ ಪ್ಲೇಸ್ಟೇಷನ್ ಎಂಬ ಆಟದ ಯಂತ್ರವನ್ನು ಜಪಾನಿನಲ್ಲಿ ಮಾರುಕಟ್ಟೆಗೆ ಬಿಟ್ಟಾಗ ಇವರು ಆ ಸಂಸ್ಥೆಯಲ್ಲಿಯೇ ಇದ್ದ ತರುಣ. ಮೊದಲು ಮಾಡಿದ್ದು ಬೊಂಬೆಯಂಥ ಕಾರುಗಳು ಓಡುವ ಮಕ್ಕಳಾಟವನ್ನು. ಆದರೆ ಮನಸ್ಸಿನಲ್ಲಿದ್ದುದು ನಿಜವಾದ ಕಾರುಗಳ ಆಟ. ಸುಮಾರು ಐದು ವರ್ಷ ದುಡಿದು 1997ರ ಡಿಸೆಂಬರ್ 23ರಂದು ಮೊದಲ ಗ್ರಾನ್ ಟುರಿಸ್ಮೊವನ್ನು ಹೊರತಂದರು. ಮರುವರ್ಷ ಅದು ಯುರೋಪು, ಅಮೆರಿಕಗಳಿಗೆ ಹೋಯಿತು. ಒಂದು ಕೋಟಿಗೂ ಮಿಕ್ಕಿ ಪ್ರತಿಗಳು ಖರ್ಚಾಗಿ, ಆ ಮೊದಲ ಪ್ಲೇಸ್ಟೇಷನ್ನಿಗೆಂದು ಬಂದ ಆಟಗಳಲ್ಲೆಲ್ಲ ಹೆಚ್ಚು ಮಾರಾಟವಾದದ್ದೆಂಬ ಕೀರ್ತಿಯನ್ನು ಪಡೆಯಿತು. ಆಮೇಲೆ 1999ರಲ್ಲಿ ಎರಡನೆಯದು, 2001ರಲ್ಲಿ ಮೂರನೆಯದು, 2004ರಲ್ಲಿ ನಾಲ್ಕನೆಯದು, 2010ರಲ್ಲಿ ಐದನೆಯದು, 2013ರಲ್ಲಿ ಆರನೆಯದು, 2017ರಲ್ಲಿ ಗ್ರಾನ್ ಟುರಿಸ್ಮೊ ಸ್ಪೋರ್ಟ್, 2022ರ ಮಾರ್ಚಿನಲ್ಲಿ ಏಳನೆಯದು. ಆ ವರ್ಷಕ್ಕೆ ಇಡೀ ಮಾಲೆಯ ಮಾರಾಟ ಒಂಬತ್ತು ಕೋಟಿಯನ್ನು ದಾಟಿತ್ತು. ನಮ್ಮಲ್ಲಿ ಒಂದು ಕಾದಂಬರಿ ಸಾವಿರ ಪ್ರತಿ ಖರ್ಚಾದರೆ ಪ್ರಕಾಶಕರು ಹಸನ್ಮುಖರಾಗುತ್ತಾರೆಂಬುದನ್ನು ನೆನೆದು ನಾನು ಸುಮ್ಮನಾದೆ.

ಸಂಖ್ಯೆಗಿಂತ ನನ್ನನ್ನು ಸೆಳೆದದ್ದು ಈ ಆಟದ ಸ್ವಭಾವ. ಆಟಗಾರನ ಕೈಗೆ ಮೊದಲಿಗೇ ಮಹಾರಥವನ್ನು ಕೊಡುವುದಿಲ್ಲ. ಕೊಡುವುದು ಸ್ವಲ್ಪ ಹಣ. ಅದರಲ್ಲಿ ಅವನು ಯಾರೋ ಓಡಿಸಿಬಿಟ್ಟ ಹಳೆಯ ಕಾರನ್ನೋ ಅಗ್ಗದ ಕಾರನ್ನೋ ಕೊಳ್ಳಬೇಕು. ಪರೀಕ್ಷೆಗೆ ಕುಳಿತು ಪರವಾನಗಿ ಪಡೆಯಬೇಕು. ಸಣ್ಣ ಪಂದ್ಯಗಳಲ್ಲಿ ಗೆದ್ದು ಕಾಸು ಕೂಡಿಸಿ ಮೇಲಕ್ಕೆ ಹತ್ತಬೇಕು. ಇನ್ನೊಂದು ವಿಶೇಷವೆಂದರೆ, ಫೆರಾರಿಗೆ ತೋರುವ ಆದರವನ್ನೇ ಇಲ್ಲಿ ಸಾಮಾನ್ಯ ಸಂಸಾರಿಗಳ ಕಾರಿಗೂ ತೋರಿದ್ದಾರೆ. ನಮ್ಮ ಬೀದಿಯಲ್ಲಿ ಮನೆಗೊಂದರಂತೆ ನಿಂತಿರುವ ಸುಜುಕಿ ಸ್ವಿಫ್ಟಿನ ಪಂದ್ಯದ ಸೋದರನೂ ಏಳನೆಯ ಆಟದಲ್ಲಿದ್ದಾನೆ. ನಾಲ್ಕನೆಯದರಲ್ಲಿ ಏಳುನೂರಕ್ಕೂ ಹೆಚ್ಚು ಕಾರುಗಳಿದ್ದುವು. ಅವುಗಳಲ್ಲಿ 1886ರ ಬೆನ್ಜ್ ಗಾಡಿಯೂ ಒಂದು. ಮೂರು ಚಕ್ರದ ಆ ಗಾಡಿ ನಮ್ಮ ಜಟಕಾಬಂಡಿಗಿಂತ ಹೆಚ್ಚಿನ ವೇಗದ್ದಲ್ಲ. ಅದರಿಂದ ಪಂದ್ಯ ಗೆಲ್ಲುವುದು ಸಾಧ್ಯವಿಲ್ಲ. ಆದರೂ ಮೋಟಾರಿನ ವಂಶಾವಳಿಯಲ್ಲಿ ಮೂಲಪುರುಷನಿಗೆ ಜಾಗ ಬೇಕಲ್ಲವೆ? ನಿಘಂಟುಕಾರನಿಗೆ ಬಳಕೆ ತಪ್ಪಿದ ಶಬ್ದದ ಮೇಲೆ ಇರುವ ಮಮತೆ ಇದು. ಅದು ನನಗೆ ಅರ್ಥವಾಗುತ್ತದೆ.

ಇನ್ನು ಆ ಒಂದು ತಿರುವಿನಲ್ಲಿ ಹುಡುಗ ಇಪ್ಪತ್ತೆರಡು ಸಲ ತಪ್ಪಿದ್ದೇಕೆ? ಅದನ್ನು ಬಿಡಿಸಿ ಹೇಳಿದರೆ ಈ ಆಟದ ಅಂತರಂಗವೇ ತಿಳಿದಂತಾಗುತ್ತದೆ. ಕಾರು ಎಷ್ಟೇ ದೊಡ್ಡದಿರಲಿ, ಅದು ನೆಲವನ್ನು ಮುಟ್ಟುವುದು ನಾಲ್ಕು ಟೈರುಗಳ ತಳದಲ್ಲಿ, ಒಂದೊಂದು ಕಡೆ ಹೆಚ್ಚುಕಡಿಮೆ ಅಂಗೈ ಅಗಲದಷ್ಟು ಜಾಗದಲ್ಲಿ ಮಾತ್ರ. ಓಡುವುದು, ನಿಲ್ಲುವುದು, ತಿರುಗುವುದು ಎಲ್ಲವೂ ಆ ನಾಲ್ಕು ಅಂಗೈಗಳ ಹಿಡಿತದಿಂದಲೇ ಆಗಬೇಕು. ಆ ಹಿಡಿತಕ್ಕೆ ಒಂದು ಮಿತಿಯಿದೆ. ತಿಂಗಳ ಸಂಬಳದಂತೆ ಅದು. ಬ್ರೇಕಿಗೇ ಎಲ್ಲವನ್ನೂ ವೆಚ್ಚಮಾಡಿದರೆ ತಿರುವಿಗೆ ಏನೂ ಉಳಿಯುವುದಿಲ್ಲ; ಚಕ್ರವನ್ನು ಎಷ್ಟು ತಿರುಗಿಸಿದರೂ ಕಾರು ನೆಟ್ಟಗೆ ಹೋಗಿ ಬೇಲಿಗೆ ತಾಗುತ್ತದೆ. ತಿರುವಿನ ನಡುವೆ ಆಕ್ಸಿಲರೇಟರನ್ನು ಒಮ್ಮೆಲೇ ತುಳಿದರೆ, ಹಿಂದಿನ ಚಕ್ರಗಳಿಂದ ಓಡುವ ಕಾರಿನಲ್ಲಿ ಆ ಚಕ್ರಗಳು ಸಾಲ ಮಾಡಿದಂತಾಗಿ ಬಾಲ ಜಾರುತ್ತದೆ.

ಇದರ ಜೊತೆಗೆ ಭಾರದ ಓಡಾಟವೊಂದುಂಟು. ಬ್ರೇಕು ಹಾಕಿದಾಗ ಬಸ್ಸಿನಲ್ಲಿ ನಿಂತವರೆಲ್ಲ ಮುಂದಕ್ಕೆ ವಾಲುವಂತೆ ಕಾರಿನ ಭಾರವೂ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಮುಂದಿನ ಹಿಡಿತ ಹೆಚ್ಚಿ ಹಿಂದಿನದು ಹಗುರವಾಗುತ್ತದೆ. ಜಾಣ ಸಾರಥಿ ಈ ಭಾರವನ್ನು ತನಗೆ ಬೇಕಾದ ಚಕ್ರದ ಕಡೆಗೆ ಕಳುಹಿಸಬಲ್ಲವನು. ನೆಟ್ಟನೆಯ ದಾರಿಯಲ್ಲಿ ಬಿಗಿಯಾಗಿ ಬ್ರೇಕು ಹಾಕಿ, ತಿರುವು ಬಂದಂತೆ ಅದನ್ನು ಮೆಲ್ಲಮೆಲ್ಲನೆ ಸಡಿಲಿಸುತ್ತ, ಸಡಿಲಿಸಿದಷ್ಟೇ ಚಕ್ರವನ್ನು ತಿರುಗಿಸುತ್ತ ಹೋಗುವುದು ಅವನ ಉಪಾಯ. ತಿರುವನ್ನು ಹೊರ ಅಂಚಿನಿಂದ ಪ್ರವೇಶಿಸಿ, ನಡುವೆ ಒಳ ಅಂಚನ್ನು ಮುಟ್ಟಿ, ಮತ್ತೆ ಹೊರ ಅಂಚಿಗೆ ಬರುವುದು ಎರಡನೆಯ ಉಪಾಯ. ಹೀಗೆ ಮಾಡಿದರೆ ತಿರುವಿನ ಬಿಲ್ಲು ದೊಡ್ಡದಾಗುತ್ತದೆ. ಬಿಲ್ಲಿನ ತ್ರಿಜ್ಯ ನಾಲ್ಕು ಪಟ್ಟಾದರೆ ಅದೇ ಹಿಡಿತದಲ್ಲಿ ವೇಗ ಎರಡು ಪಟ್ಟಾಗಬಹುದು. ಹಾಗೆಯೇ ವೇಗ ಎರಡು ಪಟ್ಟಾದರೆ ನಿಲ್ಲುವುದಕ್ಕೆ ಬೇಕಾದ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಈ ಕೊನೆಯ ಲೆಕ್ಕವನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಆಟದ ಯಂತ್ರ ಈ ಗಣಿತವನ್ನೆಲ್ಲ ಪ್ರತಿಯೊಂದು ಕಾರಿಗೂ ಪ್ರತಿಯೊಂದು ಚಕ್ರಕ್ಕೂ ಸೆಕೆಂಡಿಗೆ ಹಲವು ಹತ್ತು ಬಾರಿ ಮಾಡುತ್ತಿರುತ್ತದೆ. ತೆರೆಯ ಮೇಲೆ ಕಾಣುವ ಚಿತ್ರ ಆ ಗಣಿತದ ಭಾಷ್ಯ, ಅಷ್ಟೆ.

ಕಾರಿನಂತೆಯೇ ರಸ್ತೆಯನ್ನೂ ಅನುಕರಿಸಿದ್ದಾರೆ. ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಎಂಬಲ್ಲಿ 1927ರಲ್ಲಿ ತೆರೆದ ಪಂದ್ಯದ ದಾರಿಯೊಂದುಂಟು. ಅದರ ಉತ್ತರದ ಸುತ್ತು ಇಪ್ಪತ್ತು ಕಿಲೋಮೀಟರಿಗೂ ಉದ್ದ, ಕಾಡಿನ ನಡುವೆ ಎಪ್ಪತ್ತಕ್ಕೂ ಮಿಕ್ಕ ತಿರುವುಗಳು. ಸ್ಕಾಟ್ಲೆಂಡಿನ ಜಾಕಿ ಸ್ಟೀವರ್ಟ್ ಅದನ್ನು ಹಸಿರು ನರಕವೆಂದು ಕರೆದ. 1976ರಲ್ಲಿ ನಿಕಿ ಲೌಡ ಉರಿಯುವ ಕಾರಿನಲ್ಲಿ ಸಿಕ್ಕಿಕೊಂಡು ಸಾವಿನ ಬಾಗಿಲಿಗೆ ಹೋಗಿ ಬಂದದ್ದು ಅಲ್ಲಿಯೇ. ಆ ದಾರಿಯನ್ನು ಅದರ ಏರಿಳಿತಗಳ ಸಮೇತ ನಾಲ್ಕನೆಯ ಆಟದೊಳಗೆ ತಂದರು. ಅಂದಿನಿಂದ, ಜರ್ಮನಿಯನ್ನು ಕಾಣದ ಲಕ್ಷಾಂತರ ಹುಡುಗರಿಗೆ ಆ ಕಾಡಿನ ದಾರಿ ತಮ್ಮೂರ ಬೀದಿಯಷ್ಟು ಪರಿಚಿತವಾಗಿಬಿಟ್ಟಿದೆ.

ಇಷ್ಟನ್ನು ತಿಳಿದ ಮೇಲೆ ನನ್ನ ಹಳೆಯ ಪಾಠ ನೆನಪಿಗೆ ಬಂದಿತು. ಭರತನ ರಸಸೂತ್ರಕ್ಕೆ ಅರ್ಥ ಹೇಳಿದವರಲ್ಲಿ ಶ್ರೀಶಂಕುಕನೆಂಬವನೊಬ್ಬ. ಅವನ ಗ್ರಂಥ ನಮಗೆ ದೊರೆತಿಲ್ಲ. ಅಭಿನವಗುಪ್ತ ಉದ್ಧರಿಸಿದ್ದರಿಂದ ಅವನ ಅಭಿಪ್ರಾಯ ಉಳಿದುಬಂದಿದೆ. ನಟನನ್ನು ಕಂಡು ನಾವು ಇವನು ರಾಮ ಎಂದುಕೊಳ್ಳುತ್ತೇವೆ. ಈ ಅರಿವು ಯಾವ ಬಗೆಯದು? ನಿಜವೆನ್ನುವಂತಿಲ್ಲ, ಅವನು ರಾಮನಲ್ಲ. ಸುಳ್ಳೆನ್ನುವಂತಿಲ್ಲ, ನೋಡುವಷ್ಟು ಹೊತ್ತು ಅದನ್ನು ಯಾವುದೂ ಅಲ್ಲಗಳೆಯುವುದಿಲ್ಲ. ಸಂಶಯವೂ ಅಲ್ಲ, ರಾಮನ ಹಾಗಿದ್ದಾನೆಂಬ ಬರಿಯ ಹೋಲಿಕೆಯೂ ಅಲ್ಲ. ಚಿತ್ರದಲ್ಲಿ ಬರೆದ ಕುದುರೆಯನ್ನು ಕಂಡು ಇದು ಕುದುರೆ ಎನ್ನುತ್ತೇವಲ್ಲ, ಅಂಥದು. ಇದಕ್ಕೆ ಚಿತ್ರತುರಗನ್ಯಾಯವೆಂದು ಹೆಸರು. ಈ ಆಟದ ಪೆಟ್ಟಿಗೆಯ ಮೇಲೆ ಮೊದಲಿನಿಂದಲೂ ಒಂದು ಬಿರುದನ್ನು ಅಚ್ಚುಹಾಕುತ್ತಾರೆ: ನಿಜವಾದ ಚಾಲನೆಯ ಅನುಕರಣ ಎಂದು. ನಿಜ, ಅನುಕರಣ ಎರಡೂ ಒಂದೇ ಸಾಲಿನಲ್ಲಿವೆ. ಶಂಕುಕ ಇದ್ದಿದ್ದರೆ ಸಂತೋಷಪಡುತ್ತಿದ್ದ.

ವೇಗದ ಅನುಕರಣ ನಮ್ಮವರಿಗೆ ಹೊಸದೂ ಅಲ್ಲ. ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತ ರಥವೇರಿ ಜಿಂಕೆಯನ್ನು ಅಟ್ಟಿಸಿಕೊಂಡು ಬರುತ್ತಾನೆ. ರಂಗದ ಮೇಲೆ ರಥವೂ ಇಲ್ಲ, ಕುದುರೆಯೂ ಇಲ್ಲ. ನಟನ ಮೈಯ ಬಾಗುವಿಕೆಯಿಂದ, ವೇಗದಲ್ಲಿ ವಸ್ತುಗಳು ಕಣ್ಣಿಗೆ ಹೇಗೆ ಬೇರೆಯಾಗಿ ತೋರುತ್ತವೆಂಬ ರಾಜನ ಮಾತಿನಿಂದ, ರಥವೇಗ ಮೂಡಬೇಕು. ಭಯಾನಕ ರಸವನ್ನು ವಿವರಿಸುವಾಗ ಅಭಿನವಗುಪ್ತ ಎತ್ತಿಕೊಂಡ ಉದಾಹರಣೆಯೂ ಅದೇ ಜಿಂಕೆ. ಅದರ ಭಯ ನನ್ನ ಭಯವಲ್ಲ, ಶತ್ರುವಿನದೂ ಅಲ್ಲ, ಮಿತ್ರನದೂ ಅಲ್ಲ. ಹಾಗೆ ಯಾರದೂ ಅಲ್ಲದ ಭಯವಾದ್ದರಿಂದಲೇ ಅದು ಆಸ್ವಾದಕ್ಕೆ ಒದಗುತ್ತದೆ ಎಂಬುದು ಅವನ ನಿಲುವು.

ಶಂಕುಕನ ಅನುಕರಣವಾದವನ್ನು ಅಭಿನವಗುಪ್ತನ ಗುರು ಭಟ್ಟತೌತ ಒಪ್ಪಲಿಲ್ಲ. ಅವನ ಆಕ್ಷೇಪಗಳಲ್ಲೊಂದು ಬಹಳ ನೇರವಾದದ್ದು. ಮೂಲವನ್ನು ಕಂಡವನು ಮಾತ್ರ ಅನುಕರಣವನ್ನು ಅನುಕರಣವೆಂದು ಗುರುತಿಸಬಲ್ಲ; ರಾಮನನ್ನು ಕಂಡವರು ಯಾರಿದ್ದಾರೆ? ತರಗತಿಯಲ್ಲಿ ಈ ಪ್ರಶ್ನೆಗೆ ಬಂದಾಗಲೆಲ್ಲ ನಾನು ವಾದವನ್ನು ಅಲ್ಲಿಗೇ ನಿಲ್ಲಿಸಿ ಮುಂದಕ್ಕೆ ಹೋಗುತ್ತಿದ್ದೆ. ಇಲ್ಲಿ ಹಾಗಲ್ಲ. ಮೂಲ ಇದೆ, ಜರ್ಮನಿಯ ಕಾಡಿನಲ್ಲಿ ಆ ದಾರಿ ಈಗಲೂ ಇದೆ. ಚಿತ್ರದ ಕುದುರೆಯನ್ನೇರಿ ಕಲಿತವನನ್ನು ನಿಜವಾದ ಕುದುರೆಯ ಮೇಲೆ ಕೂರಿಸಿ ನೋಡಬಹುದು. ಆಶ್ಚರ್ಯವೆಂದರೆ, ಹಾಗೆ ಕೂರಿಸಿಯೂ ನೋಡಿದ್ದಾರೆ.

2008ರಲ್ಲಿ ಸೋನಿ, ನಿಸ್ಸಾನ್ ಸಂಸ್ಥೆಗಳು ಸೇರಿ ಜಿ.ಟಿ. ಅಕಾಡೆಮಿ ಎಂಬ ಸ್ಪರ್ಧೆಯನ್ನು ಆರಂಭಿಸಿದುವು. ಆಟದಲ್ಲಿ ಅತ್ಯಂತ ವೇಗವಾಗಿ ಓಡಿಸಿದವರನ್ನು ಆರಿಸಿ, ನಿಜವಾದ ಕಾರಿನಲ್ಲಿ ಪರೀಕ್ಷಿಸಿ, ಗೆದ್ದವನಿಗೆ ಪಂದ್ಯದ ಚಾಲಕನಾಗಲು ತರಬೇತಿ ಕೊಡುವುದು ಅದರ ಏರ್ಪಾಡು. ಮೊದಲನೆಯ ಸ್ಪರ್ಧೆಯಲ್ಲಿ ಗೆದ್ದವನು ಸ್ಪೇನಿನ ಲೂಕಸ್ ಓರ್ಡೊನ್ಯೆಸ್, ವ್ಯವಹಾರಶಾಸ್ತ್ರದ ವಿದ್ಯಾರ್ಥಿ. 2011ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ ನಡೆಯುವ ಜಗತ್ಪ್ರಸಿದ್ಧವಾದ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯದಲ್ಲಿ ಅವನ ತಂಡ ತನ್ನ ವರ್ಗದಲ್ಲಿ ಎರಡನೆಯದಾಯಿತು. ಅದೇ ವರ್ಷ ಸುಮಾರು ತೊಂಬತ್ತು ಸಾವಿರ ಮಂದಿಯ ನಡುವೆ ಗೆದ್ದವನು ವೇಲ್ಸಿನ ಕಾರ್ಡಿಫ್‌ನಲ್ಲಿ ಬೆಳೆದ ಹತ್ತೊಂಬತ್ತರ ಹುಡುಗ, ಜಾನ್ ಮಾರ್ಡನ್‌ಬರೊ. ಎರಡೇ ವರ್ಷದಲ್ಲಿ, 2013ರಲ್ಲಿ, ಅವನೂ ಲೆ ಮಾನ್ಸ್‌ನಲ್ಲಿ ಓಡಿದ. ಅವನ ತಂಡಕ್ಕೆ ತನ್ನ ವರ್ಗದಲ್ಲಿ ಮೂರನೆಯ ಸ್ಥಾನ ದೊರೆಯಿತು. ಆಟವನ್ನು ಕಟ್ಟಿದ ಯಮೌಚಿಯವರೇ 2011ರ ನ್ಯೂರ್ಬರ್ಗ್‌ರಿಂಗ್ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯದಲ್ಲಿ ನಿಸ್ಸಾನ್ ಜಿ.ಟಿ.-ಆರ್ ಕಾರಿನ ಚಾಲಕರಲ್ಲೊಬ್ಬರಾಗಿ ತಮ್ಮ ವರ್ಗದ ಗೆಲುವಿನಲ್ಲಿ ಪಾಲುಗೊಂಡರು. 2007ರಲ್ಲಿ ಬಂದ ಅದೇ ಜಾತಿಯ ಕಾರಿನಲ್ಲಿ, ಚಾಲಕನ ಮುಂದೆ ಕಾರಿನ ನಾಡಿಮಿಡಿತವನ್ನು ತೋರಿಸುವ ತೆರೆಯೊಂದಿದೆ. ಅದನ್ನು ವಿನ್ಯಾಸ ಮಾಡಿದವರೂ ಈ ಆಟವನ್ನು ಮಾಡಿದವರೇ. ಹೀಗೆ ಚಿತ್ರ ಚೌಕಟ್ಟಿನಿಂದ ಇಳಿದು ಬೀದಿಗೆ ಬಂದಿತು.

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಸೊಗಸಾದ ಕಥೆಯಾಗುತ್ತಿತ್ತು. ಆದರೆ 2015ರ ಮಾರ್ಚ್ 28ರಂದು ಅದೇ ನ್ಯೂರ್ಬರ್ಗ್‌ರಿಂಗಿನ ಏರೊಂದರ ನೆತ್ತಿಯಲ್ಲಿ ಮಾರ್ಡನ್‌ಬರೊ ಓಡಿಸುತ್ತಿದ್ದ ಕಾರಿನ ಮುಂಭಾಗ ಗಾಳಿಗೆ ಎದ್ದಿತು. ಕಾರು ಹಾರಿ ಬೇಲಿಯನ್ನು ದಾಟಿತು. ನೋಡಲು ಬಂದಿದ್ದವರಲ್ಲಿ ಒಬ್ಬರು ತೀರಿಕೊಂಡರು. ಆ ಏರನ್ನು ಆ ಹುಡುಗ ಮನೆಯಲ್ಲಿ ಕುಳಿತು ಎಷ್ಟು ನೂರು ಸಲ ದಾಟಿದ್ದನೋ! ಇದನ್ನು ಯಾರ ತಪ್ಪೆಂದೂ ನಾನು ಹೇಳುತ್ತಿಲ್ಲ. ಚಿತ್ರದ ಬೇಲಿಯ ಆಚೆಗೂ ಜನರನ್ನು ಬರೆದಿರುತ್ತಾರೆ, ಆದರೆ ಅವರು ಸಾಯುವವರಲ್ಲ.

2023ರಲ್ಲಿ ನೀಲ್ ಬ್ಲೊಂಕ್ಯಾಂಪ್ ಎಂಬವರು ಮಾರ್ಡನ್‌ಬರೊನ ಜೀವನವನ್ನು ಗ್ರಾನ್ ಟುರಿಸ್ಮೊ ಎಂಬ ಹೆಸರಿನಲ್ಲಿಯೇ ಚಲನಚಿತ್ರ ಮಾಡಿದರು. ಅದರಲ್ಲಿ ಈ ಅಪಘಾತ ಲೆ ಮಾನ್ಸ್ ಪಂದ್ಯಕ್ಕಿಂತ ಮೊದಲೇ ನಡೆಯುತ್ತದೆ. ನಿಜದಲ್ಲಿ ಅದು ಆ ಪಂದ್ಯದ ಎರಡು ವರ್ಷದ ಮೇಲೆ ನಡೆದದ್ದು. ನಾಯಕ ಕುಗ್ಗಿ, ಮತ್ತೆ ಎದ್ದು, ಕೊನೆಗೆ ಗೆಲ್ಲಬೇಕು. ಅದಕ್ಕಾಗಿ ಸಾವನ್ನು ಹಿಂದಕ್ಕೆ ಸರಿಸಿದ್ದಾರೆ. ಕವಿ ಕಥೆಯ ಕ್ರಮವನ್ನು ಬದಲಿಸಬಾರದೆಂದು ನಾನು ವಾದಿಸುವವನಲ್ಲ. ಹಾಗೆ ಹೇಳಿದರೆ ಪಂಪನನ್ನೂ ಬಿಡಬೇಕಾದೀತು. ಆದರೆ ನಿನ್ನೆಮೊನ್ನೆ ತೀರಿಕೊಂಡ ಒಬ್ಬ ಮನುಷ್ಯನ ಸಾವನ್ನು ಇನ್ನೊಬ್ಬನ ಗೆಲುವಿಗೆ ಮೆಟ್ಟಿಲು ಮಾಡುವುದು ಬೇರೆ. ಕ್ಷೇಮೇಂದ್ರ ಔಚಿತ್ಯವನ್ನು ಕಾವ್ಯದ ಜೀವಿತವೆಂದ. ಈ ಚಿತ್ರವನ್ನು ನೋಡುವಾಗ ಆ ಮಾತಿನ ಭಾರ ನನಗೆ ತಿಳಿಯಿತು.

ಇದೇ ಸಂದರ್ಭದಲ್ಲಿ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಸೋನಿ ಸಂಸ್ಥೆಯ ವಿಜ್ಞಾನಿಗಳು ಈ ಆಟವನ್ನು ತಾನಾಗಿ ಕಲಿಯಬಲ್ಲ ಕೃತಕ ಬುದ್ಧಿಯೊಂದನ್ನು ರೂಪಿಸಿ ಅದಕ್ಕೆ ಸೋಫಿ ಎಂದು ಹೆಸರಿಟ್ಟರು. ಸಾವಿರಕ್ಕೂ ಹೆಚ್ಚು ಪ್ಲೇಸ್ಟೇಷನ್‌ಗಳಲ್ಲಿ ಅದು ಏಕಕಾಲಕ್ಕೆ ಅಭ್ಯಾಸ ಮಾಡಿತು. ಕೆಲವೇ ಗಂಟೆಗಳಲ್ಲಿ ದಾರಿ ಬಿಡದೆ ಓಡುವುದನ್ನು ಕಲಿತು, ಕೆಲವೇ ದಿನಗಳಲ್ಲಿ ಮನುಷ್ಯರನ್ನು ವೇಗದಲ್ಲಿ ಮೀರಿಸಿತು. ಆದರೂ 2021ರ ಜುಲೈಯಲ್ಲಿ ಪ್ರವೀಣ ಆಟಗಾರರೊಡನೆ ಪಂದ್ಯಕ್ಕೆ ಇಳಿದಾಗ ತಂಡವಾಗಿ ಸೋತಿತು. ತಿದ್ದಿಕೊಂಡು ಬಂದು ಅದೇ ಅಕ್ಟೋಬರಿನಲ್ಲಿ ಗೆದ್ದಿತು. 2022ರ ಫೆಬ್ರವರಿಯಲ್ಲಿ ನೇಚರ್ ಪತ್ರಿಕೆ ಇದನ್ನು ಪ್ರಕಟಿಸಿತು. ವಿಜ್ಞಾನಿಗಳಿಗೆ ಕಷ್ಟವಾದದ್ದು ವೇಗವನ್ನು ಕಲಿಸುವುದಲ್ಲ, ಮರ್ಯಾದೆಯನ್ನು ಕಲಿಸುವುದು. ಪಕ್ಕದವನಿಗೆ ಎಷ್ಟು ಜಾಗ ಬಿಡಬೇಕು, ಎಲ್ಲಿ ನುಗ್ಗಬಹುದು, ಎಲ್ಲಿ ನುಗ್ಗಿದರೆ ಒರಟುತನವಾಗುತ್ತದೆ ಎಂಬುದಕ್ಕೆ ಬರೆದಿಟ್ಟ ಖಚಿತವಾದ ಸೂತ್ರಗಳಿಲ್ಲ. ತೀರ ಅಂಜಿಕೆಯಾದರೆ ಸೋಲು, ತೀರ ನುಗ್ಗಾಟವಾದರೆ ಡಿಕ್ಕಿ. ಡಿಕ್ಕಿ ಹೊಡೆದರೆ ಅಂಕ ಕಳೆಯುವ ಏರ್ಪಾಡು ಮಾಡಿ ಅದಕ್ಕೆ ನಡವಳಿಕೆಯನ್ನು ಕಲಿಸಬೇಕಾಯಿತು. ಅಂಕ ಕಳೆಯುತ್ತದೆಂಬುದು ಒಂದು ಬಗೆಯ ಭಯವೇ ಎನ್ನಬಹುದು. ಆದರೆ ಅದು ಮೈಗೆ ತಾಗುವ ಭಯವಲ್ಲ.

ಈಗ ನನ್ನದೇ ಒಂದು ಮಾತು. ಹನ್ನೊಂದು ವರ್ಷಗಳ ಹಿಂದೆ ಒಂದು ಮಳೆಯ ಸಂಜೆ ನಾನು ಕಾರು ಓಡಿಸಿಕೊಂಡು ಮನೆಗೆ ಬರುತ್ತಿದ್ದೆ. ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲೊಂದು ಎಡಗಡೆಯಿಂದ ಬಂದುದು ತಡವಾಗಿ ಕಂಡಿತು. ಬ್ರೇಕು ಹಾಕಿದೆ, ಕಾರು ನಿಲ್ಲದೆ ಜಾರಿತು. ಆತನ ಕಾಲು ಮುರಿಯಿತು. ಮೂರು ತಿಂಗಳು ಮಲಗಿದ. ನಾನು ನೋಡಲು ಹೋದಾಗಲೆಲ್ಲ ಕಾಫಿ ಕೊಡಿಸಿ, "ಮಳೆ ಸಾರ್, ನೀವೇನು ಮಾಡೋಕಾಗುತ್ತೆ" ಎನ್ನುತ್ತಿದ್ದ. ಮಳೆಗೆ ತಕ್ಕಂತೆ ನಾನು ವೇಗವನ್ನು ಇಳಿಸಿರಲಿಲ್ಲವೆಂಬುದು ನನಗೆ ಗೊತ್ತಿತ್ತು. ಆಮೇಲೆ ನಾನು ಕಾರು ಓಡಿಸಲಿಲ್ಲ. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ನಾಲ್ಕು ಪಟ್ಟಾಗುತ್ತದೆಂಬ ಲೆಕ್ಕವನ್ನು ಮೊಮ್ಮಗ ಈ ಆಟವನ್ನು ತೋರಿಸಿ ವಿವರಿಸಿದಾಗ ನನಗೆ ಆ ಸಂಜೆ ನೆನಪಾಯಿತು. ಅದು ಮೊದಲೇ ಗೊತ್ತಿದ್ದರೆ ಎಂದುಕೊಂಡೆ.

ಒಂದು ದಿನ ಅವನ ಬಲವಂತಕ್ಕೆ ನಾನೂ ಆ ಚಕ್ರದ ಮುಂದೆ ಕುಳಿತೆ. ಮೂರನೆಯ ತಿರುವಿನಲ್ಲಿ ಕಾರು ಗೋಡೆಗೆ ಬಡಿಯಿತು. ಒಂದು ಗುಂಡಿಯನ್ನು ಒತ್ತಿದೆ. ಮತ್ತೆ ಮೊದಲಿನಿಂದ ಆರಂಭ. ಮತ್ತೆ ಬಡಿಯಿತು, ಮತ್ತೆ ಆರಂಭ. ಹನ್ನೊಂದು ವರ್ಷ ಚಕ್ರ ಮುಟ್ಟದವನಿಗೆ ಎದೆ ಡವಗುಟ್ಟಬೇಕಾಗಿತ್ತು, ಅದು ಸುಮ್ಮನಿತ್ತು. ಈ ಮಾಲೆಯ ಮೊದಲ ನಾಲ್ಕು ಆಟಗಳಲ್ಲಿ ಕಾರಿಗೆ ಎಷ್ಟೇ ಪೆಟ್ಟು ಬಿದ್ದರೂ ಕಣ್ಣಿಗೆ ಕಾಣುವ ಹಾನಿಯಾಗುತ್ತಿರಲಿಲ್ಲವೆಂದೂ ಐದನೆಯದರಿಂದ ತಗ್ಗು, ಗೀರುಗಳು ಕಾಣಿಸಿಕೊಂಡುವೆಂದೂ ಮೊಮ್ಮಗ ಹೇಳಿದ. ತಗ್ಗು ಬಿದ್ದರೂ ಆರಂಭದ ಗುಂಡಿ ಇದ್ದೇ ಇದೆಯಲ್ಲ. ಭಟ್ಟತೌತ ಕೇಳಿದ್ದನ್ನು ನಾನು ಬೇರೆ ರೀತಿಯಲ್ಲಿ ಕೇಳಬೇಕಾಯಿತು. ಕೈಚಳಕವನ್ನು ಅನುಕರಿಸಬಹುದು, ಅದು ಸಿದ್ಧವಾಗಿದೆ. ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದೆಂಬುದನ್ನು ಹೇಗೆ ಅನುಕರಿಸುವುದು? ನಾಟ್ಯದಲ್ಲಿ ಭಯ ರಸವಾಗುವುದಕ್ಕೆ ಯಾವ ನಿಶ್ಚಿಂತೆ ಬೇಕೋ, ರಸ್ತೆಯಲ್ಲಿ ಅದೇ ನಿಶ್ಚಿಂತೆ ಜೀವಕ್ಕೆ ಮುಳುವು.

ಹುಡುಗನಿಗೆ ಹದಿನೆಂಟು ತುಂಬಿತು. ಡ್ರೈವಿಂಗ್ ಶಾಲೆಗೆ ಹೋಗಿ ಕಲಿತು, ಈ ಸಲ ನಿಜವಾದ ಲೈಸೆನ್ಸನ್ನೇ ತಂದ. ಮೊದಲ ದಿನ ಪಕ್ಕದಲ್ಲಿ ಕೂರಲು ನನ್ನನ್ನೇ ಕರೆದ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಒಲ್ಲೆನೆನ್ನಲು ಬಾಯಿ ಬರಲಿಲ್ಲ. ಅವನ ಕೈಯಲ್ಲಿ ಅಳುಕಿರಲಿಲ್ಲ. ಬ್ರೇಕನ್ನು ಸಡಿಲಿಸುತ್ತ ತಿರುಗುವ ಆ ನಯ ನನಗೆ ಇಪ್ಪತ್ತು ವರ್ಷ ಓಡಿಸಿದರೂ ಬಂದಿರಲಿಲ್ಲ. ಮಾರುಕಟ್ಟೆಯ ಹಿಂದಿನ ತಿರುವಿನಲ್ಲಿ ಒಬ್ಬ ಮುದುಕಿ ತರಕಾರಿ ಚೀಲ ಹೊತ್ತು, ಎತ್ತಲೂ ನೋಡದೆ ರಸ್ತೆಗೆ ಇಳಿದುಬಿಟ್ಟಳು. ಅವನು ಆಕೆಯನ್ನು ನನಗಿಂತ ಮೊದಲೇ ಕಂಡಿದ್ದ. ಕಾರು ಆಕೆಯಿಂದ ನಾಲ್ಕು ಮಾರು ದೂರದಲ್ಲಿ ನಿಂತಿತು. ಕ್ಲಚ್ಚು ಒತ್ತಲು ಮರೆತದ್ದರಿಂದ ಎಂಜಿನ್ನು ಆಫಾಯಿತು. ಮುದುಕಿ ನಮ್ಮ ಕಡೆಗೆ ನೋಡಲೂ ಇಲ್ಲ, ದಾಟಿ ಹೊರಟುಹೋದಳು.

ಹಿಂದಿನಿಂದ ಹಾರನ್ ಮಾಡುತ್ತಿದ್ದರು. ಹುಡುಗ ಕೀಲಿಯನ್ನು ತಿರುಗಿಸಲಿಲ್ಲ. ಅವನ ಕೈ ನಡುಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ, "ತಾತ, ಆಟದಲ್ಲಿ ರಸ್ತೆಗೆ ಯಾರೂ ಅಡ್ಡ ಬರೋದಿಲ್ಲ" ಎಂದ.

ನಾನು ಏನನ್ನೂ ಹೇಳಲಿಲ್ಲ. ಮುಂದಕ್ಕೆ ದೃಷ್ಟಿಯಿಟ್ಟು ಓಡಿಸುವ ಕಣ್ಣನ್ನು ಅವನಿಗೆ ಆ ಚಿತ್ರತುರಗವೇ ಕೊಟ್ಟಿತ್ತೆಂಬುದನ್ನು ನಾನು ಪ್ರಾಮಾಣಿಕವಾಗಿ ಒಪ್ಪಬೇಕು. ಆ ಕಣ್ಣಿಲ್ಲದವನು ಏನು ಮಾಡಿದನೆಂಬುದಕ್ಕೆ ನಾನೇ ಸಾಕ್ಷಿ. ಕೈಯ ನಡುಕವನ್ನು ಮಾತ್ರ ಅದು ಕೊಟ್ಟಿರಲಿಲ್ಲ. ಅದನ್ನು ಕೊಟ್ಟವಳು ಆ ಮುದುಕಿ. ಎರಡೂ ಒಬ್ಬ ಸಾರಥಿಗೆ ಬೇಕಾದ ವಿದ್ಯೆಗಳೇ. ಹುಡುಗರ ಕೈಯಿಂದ ಈ ಆಟವನ್ನು ಕಿತ್ತುಕೊಳ್ಳಬೇಕೆಂದು ನಾನು ಹೇಳಲಾರೆ. ಅವರು ನಿಜವಾದ ರಸ್ತೆಗೆ ಇಳಿಯುವ ಮೊದಲ ದಿನ ಪಕ್ಕದಲ್ಲಿ ಯಾರಾದರೂ ಹಿರಿಯರು ಕುಳಿತಿರಲಿ ಎಂದಷ್ಟೇ ಹೇಳಬಲ್ಲೆ.

ಮನೆಗೆ ಬಂದ ಮೇಲೆ ಅವನು ಆ ದಿನ ಟೆಲಿವಿಷನ್ನಿನ ಮುಂದೆ ಕೂರಲಿಲ್ಲ. ಮರುದಿನ ಎಂದಿನಂತೆ ಕುಳಿತ. ನಾನೂ ಕುರ್ಚಿಯನ್ನು ಎಳೆದುಕೊಂಡು ಪಕ್ಕದಲ್ಲಿ ಕುಳಿತೆ.